ತಟ್ಟೆಯ ಮುಂದೆ ಕೂತ ಭಯ

ಊಟದ ಬಗ್ಗೆ ನಮ್ಮ ಭಾಷೆಯಲ್ಲಿ ಮಾತಿಗೆ ಬರವಿಲ್ಲ. ಮಗು ಉಣ್ಣದಿದ್ದರೆ ‘ಊಟ ಸೇರುತ್ತಿಲ್ಲ’ ಅನ್ನುತ್ತೇವೆ. ಮುನಿಸಿಕೊಂಡು ಎದ್ದು ಹೋದರೆ ‘ಅನ್ನದ ಮೇಲೆ ಸಿಟ್ಟು’ ಅನ್ನುತ್ತೇವೆ. ಸಿಹಿ, ಕರಿದದ್ದು ಬಿಟ್ಟವರನ್ನು ‘ಬಾಯಿ ಕಟ್ಟಿದ್ದಾರೆ’ ಎಂದು ಮೆಚ್ಚಿಕೊಳ್ಳುತ್ತೇವೆ. ಆದರೆ ಅನ್ನವನ್ನು ಕಂಡರೆ ಎದೆ ಹೊಡೆದುಕೊಳ್ಳುವ, ಒಂದು ಚಮಚ ತುಪ್ಪಕ್ಕೆ ಕಣ್ಣೀರು ಬರುವ ಸ್ಥಿತಿಗೆ ಮನೆಮಾತಿನಲ್ಲಿ ಹೆಸರಿಲ್ಲ. ವೈದ್ಯರು ಅದನ್ನು ‘ಈಟಿಂಗ್ ಡಿಸಾರ್ಡರ್’ ಅನ್ನುತ್ತಾರೆ. ಹೆಸರು ಗೊತ್ತಿಲ್ಲದ ಕಾಯಿಲೆಗೆ ವೈದ್ಯರನ್ನು ಹುಡುಕುವುದು ಎಷ್ಟು ಕಷ್ಟ ಎಂಬುದು ನಮ್ಮ ಮನೆಗೆ ಚೆನ್ನಾಗಿ ಗೊತ್ತು.

ನಮ್ಮದು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಮನೆಯಲ್ಲಿ ಅತ್ತೆ, ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಕಾಯಿಲೆ ಬಂದದ್ದು ಮಗನಿಗೆ, ಒಂಬತ್ತನೇ ತರಗತಿಯಲ್ಲಿದ್ದಾಗ. ಈ ಲೇಖನ ಬರೆಯಲೇ ಎಂದು ಅವನನ್ನು ಕೇಳಿದೆ. ‘ಬರಿ ಅಮ್ಮ, ಆದರೆ ನನ್ನ ಹೆಸರು ಹಾಕಬೇಡ, ತೂಕ ಎಷ್ಟಿತ್ತು ಅಂತಲೂ ಬರೆಯಬೇಡ. ಆ ನಂಬರ್ ಓದಿದರೆ ಇನ್ನೊಬ್ಬ ಹುಡುಗ ಅದಕ್ಕಿಂತ ಕಡಿಮೆ ಆಗೋಕೆ ನೋಡ್ತಾನೆ’ ಎಂದ. ಅವನ ಮಾತಿನಲ್ಲಿ ಈ ಕಾಯಿಲೆಯ ಸ್ವಭಾವ ಅರ್ಧ ಇದೆ. ಆದ್ದರಿಂದ ಇಲ್ಲಿ ಕಿಲೋ ಲೆಕ್ಕ, ಕ್ಯಾಲರಿ ಲೆಕ್ಕ ಯಾವುದೂ ಇರುವುದಿಲ್ಲ.

ಅವನು ಖೋ ಖೋ ಆಟಗಾರ. ಜಿಲ್ಲಾ ಮಟ್ಟಕ್ಕೆ ಆಯ್ಕೆಯಾದ ಮೇಲೆ ಸಿಹಿ ಬಿಟ್ಟ. ನೆಂಟರೆಲ್ಲ ಹೊಗಳಿದರು. ಆಮೇಲೆ ಎಣ್ಣೆ ಬಿಟ್ಟ, ಅನ್ನ ಬಿಟ್ಟ, ಕೊನೆಗೆ ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಇಳಿಸಿದ. ಬೇಸಿಗೆಯಲ್ಲೂ ಸ್ವೆಟರ್ ಹಾಕತೊಡಗಿದ. ಆಡಿ ನಲಿಯುತ್ತಿದ್ದ ಹುಡುಗ ತಂಗಿ ಪೆನ್ಸಿಲ್ ಮುಟ್ಟಿದರೂ ರೇಗುತ್ತಿದ್ದ. ತಾನು ಉಣ್ಣದಿದ್ದರೂ ಅಡುಗೆ ವಿಡಿಯೋಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದ, ತಂಗಿಗೆ ತಾನೇ ದೋಸೆ ಹುಯ್ದು ಬಡಿಸುತ್ತಿದ್ದ. ಒಂದು ದಿನ ಮೈದಾನದಲ್ಲಿ ತಲೆ ತಿರುಗಿ ಬಿದ್ದ. ಅಲ್ಲಿಂದ ಶುರುವಾಯಿತು ನಮ್ಮ ಓಡಾಟ.

ಬಾಗಿಲು ತಟ್ಟಿದ ಆರು ತಿಂಗಳು

ಮೊದಲು ಹೋದ ಕಡೆ ರಕ್ತ ಪರೀಕ್ಷೆ ಮಾಡಿ ಟಾನಿಕ್ ಬರೆದುಕೊಟ್ಟರು. ‘ಡಯಟಿಂಗ್ ಹುಚ್ಚು ಹೆಣ್ಣುಮಕ್ಕಳಿಗೆ, ಇವನಿಗೆ ಜಂತುಹುಳ ಇರಬೇಕು’ ಎಂದರು. ಎರಡನೆಯ ಕಡೆ, ಪಕ್ಕದ ದೊಡ್ಡ ಊರಿನಲ್ಲಿ, ಜನ ಕೂತಿದ್ದ ಮೊಗಸಾಲೆಯಲ್ಲೇ ತೂಕದ ಯಂತ್ರದ ಮೇಲೆ ನಿಲ್ಲಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಕೂಗಿ ಹೇಳಿದರು. ಕೈಗೆ ಒಂದು ಅಚ್ಚಾದ ಹಾಳೆ ಕೊಟ್ಟರು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಬ್ರಾಕೊಲಿ, ರಾತ್ರಿ ಸೂಪ್ ಎಂದಿತ್ತು ಅದರಲ್ಲಿ. ಮಗ ಆ ಹಾಳೆಯನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. ಇನ್ನಷ್ಟು ಬಿಡಲು ಅವನಿಗೆ ಅಧಿಕೃತ ಪರವಾನಗಿ ಸಿಕ್ಕಂತಾಗಿತ್ತು. ಮೂರನೆಯ ಕಡೆ ಆಪ್ತಸಮಾಲೋಚನೆ ಎಂದು ಕರೆದುಕೊಂಡು ಹೋದರೆ, ಅವನ ಜೊತೆ ಹತ್ತು ನಿಮಿಷ ಮಾತಾಡಿ, ಉಳಿದ ಅರ್ಧ ಗಂಟೆ ನನ್ನನ್ನು ಪ್ರಶ್ನಿಸಿದರು. ‘ತಾಯಿ ಕೆಲಸಕ್ಕೆ ಹೋಗುವ ಮನೆಯಲ್ಲಿ ಹೀಗೇ’ ಎಂಬುದು ಅವರ ತೀರ್ಮಾನ.

ಈ ಮೂರು ಕಡೆಯೂ ಯಾರೂ ಕೆಟ್ಟವರಾಗಿರಲಿಲ್ಲ. ಆದರೆ ಒಬ್ಬರಿಗೆ ಅವನು ಹುಡುಗ ಎಂಬುದು ಅಡ್ಡ ಬಂತು. ಇನ್ನೊಬ್ಬರಿಗೆ ನಾವು ಮುದ್ದೆ ಉಣ್ಣುವ ಮನೆಯವರು ಎಂಬುದು ಕಾಣಲಿಲ್ಲ. ಮತ್ತೊಬ್ಬರು ಸಹಾಯ ಮಾಡಬೇಕಾದವರನ್ನೇ ಆರೋಪಿ ಮಾಡಿದರು. ‘ಎಲ್ಲರನ್ನೂ ಒಳಗೊಳ್ಳುವ ಚಿಕಿತ್ಸೆ’ ಎಂದು ಇತ್ತೀಚೆಗೆ ಕೇಳಿಬರುವ ಮಾತಿನ ಅರ್ಥ ನನಗೆ ತಿಳಿದದ್ದು ಹೀಗೆ, ಅದು ಸಿಗದೇ ಹೋದಾಗ.

ನಾಲ್ಕನೆಯದು ಬೆಂಗಳೂರಿನಲ್ಲಿ. ಅಲ್ಲಿನ ವೈದ್ಯೆ ಮೊದಲು ಮಗನನ್ನು ಕೇಳಿದ್ದು ಊಟದ ವಿಷಯವನ್ನಲ್ಲ. ‘ರಾತ್ರಿ ನಿದ್ದೆ ಬರುತ್ತಾ? ಚಳಿ ಆಗುತ್ತಾ? ತಲೆಯೊಳಗೆ ದಿನಕ್ಕೆ ಎಷ್ಟು ಹೊತ್ತು ಊಟದ ಲೆಕ್ಕ ಓಡುತ್ತೆ?’ ಎಂದರು. ಅವನು ನೆಲ ನೋಡುತ್ತಾ ‘ಇಡೀ ದಿನ’ ಎಂದ. ಅದನ್ನು ಅವನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನಾಡಿ ಮತ್ತು ರಕ್ತದೊತ್ತಡ ನೋಡಿದರು. ಇಸಿಜಿ ಮಾಡಿಸಿದರು. ರಕ್ತದಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಎಷ್ಟಿದೆ ಎಂದು ಪರೀಕ್ಷಿಸಿದರು. ತೂಕ ನೋಡುವಾಗ ಸಂಖ್ಯೆಗೆ ಬೆನ್ನು ಹಾಕಿ ನಿಲ್ಲಲು ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿ, ‘ಮನೆಯಲ್ಲಿ ಬೆಳಿಗ್ಗೆ ಸಾಮಾನ್ಯವಾಗಿ ಏನು ಮಾಡ್ತೀರಿ?’ ಎಂದು ಕೇಳಿದರು. ಅಕ್ಕಿ ರೊಟ್ಟಿ, ಕಡುಬು, ಉಪ್ಪಿಟ್ಟು ಎಂದೆ. ‘ಅದೇ ಸಾಕು’ ಎಂದರು.

ಹಳೆಯ ಕಾಯಿಲೆ, ಹೊಸ ಹೆಸರು

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆ ಎಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ 1689ರಲ್ಲೇ, ಬೇರೆ ಯಾವ ರೋಗವೂ ಇಲ್ಲದೆ ಊಟ ಬಿಟ್ಟು ಸೊರಗಿದ ಇಬ್ಬರ ಬಗ್ಗೆ ಬರೆದಿದ್ದಾನೆ. ಒಬ್ಬಳು ಹದಿನೆಂಟರ ಹುಡುಗಿ, ಇನ್ನೊಬ್ಬ ಹದಿನಾರರ ಹುಡುಗ. ಅಂದರೆ ಈ ಕಾಯಿಲೆಯ ಮೊದಲ ದಾಖಲೆಗಳಲ್ಲೇ ಗಂಡು ಹುಡುಗನೂ ಇದ್ದಾನೆ. 1870ರ ದಶಕದಲ್ಲಿ ಲಂಡನ್ನಿನ ವಿಲಿಯಂ ಗಲ್ ಇದಕ್ಕೆ ‘ಅನೊರೆಕ್ಸಿಯಾ ನರ್ವೋಸಾ’ ಎಂದು ಹೆಸರಿಟ್ಟ. ಅದೇ ಹೊತ್ತಿಗೆ ಫ್ರಾನ್ಸಿನಲ್ಲಿ ಚಾರ್ಲ್ಸ್ ಲಸೇಗ್ ಕೂಡ ಇದೇ ಸ್ಥಿತಿಯನ್ನು ವಿವರಿಸಿದ. 1979ರಲ್ಲಿ ಜೆರಾಲ್ಡ್ ರಸೆಲ್ ಎಂಬ ಮನೋವೈದ್ಯ ‘ಬುಲಿಮಿಯಾ ನರ್ವೋಸಾ’ ಎಂಬ ಇನ್ನೊಂದು ಬಗೆಯನ್ನು ಗುರುತಿಸಿದ. ಹತೋಟಿ ತಪ್ಪಿ ತಿನ್ನುವುದು, ಆಮೇಲೆ ಅಪರಾಧಿ ಭಾವದಿಂದ ಅದನ್ನು ಹೇಗಾದರೂ ಹೊರಹಾಕಲು ನೋಡುವುದು ಅದರ ಲಕ್ಷಣ. ತಿಂದದ್ದನ್ನು ಹೊರಹಾಕದೆ, ಹತೋಟಿ ತಪ್ಪಿ ತಿನ್ನುವುದಷ್ಟೇ ಪದೇ ಪದೇ ಆಗುವುದನ್ನು ‘ಬಿಂಜ್ ಈಟಿಂಗ್’ ಅನ್ನುತ್ತಾರೆ. ಸಣ್ಣಗಾಗುವ ಆಸೆಯೇ ಇಲ್ಲದೆ, ಆಹಾರದ ವಾಸನೆ, ಮೈವಳಿಕೆ ಅಥವಾ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯದಿಂದ ತೀರಾ ಕೆಲವನ್ನೇ ತಿನ್ನುವುದು ‘ಆರ್ಫಿಡ್’. ಪುಟ್ಟ ಮಕ್ಕಳಲ್ಲೂ ಇದು ಕಾಣಿಸುತ್ತದೆ.

2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗ ನಿರ್ಣಯ ಕೈಪಿಡಿಯ ಐದನೆಯ ಆವೃತ್ತಿ ತಂದಿತು. ಅಲ್ಲಿಯವರೆಗೆ ಅನೊರೆಕ್ಸಿಯಾ ಎಂದು ಹೇಳಲು ಮುಟ್ಟು ನಿಂತಿರಬೇಕು ಎಂಬ ನಿಯಮವಿತ್ತು. ಗಂಡುಮಕ್ಕಳು, ಇನ್ನೂ ದೊಡ್ಡವರಾಗದ ಹೆಣ್ಣುಮಕ್ಕಳು, ಮುಟ್ಟು ನಿಂತ ವಯಸ್ಸಿನವರು ಆ ಅಳತೆಗೆ ಸಿಗುತ್ತಲೇ ಇರಲಿಲ್ಲ. ಹೊಸ ಕೈಪಿಡಿ ಆ ನಿಯಮವನ್ನು ತೆಗೆದುಹಾಕಿತು. ‘ಬಿಂಜ್ ಈಟಿಂಗ್’ ಮತ್ತು ‘ಆರ್ಫಿಡ್’ ಎರಡಕ್ಕೂ ಸ್ವತಂತ್ರ ಸ್ಥಾನ ಕೊಟ್ಟಿತು. ಮೈ ದಪ್ಪವಿದ್ದೂ, ತೀವ್ರವಾಗಿ ಊಟ ಬಿಟ್ಟು ತೂಕ ಕಳೆದುಕೊಂಡವರ ಅನೊರೆಕ್ಸಿಯಾವನ್ನೂ ಹೆಸರಿಸಿತು. ನೋಡಲು ಸಣ್ಣಗಿದ್ದರೆ ಮಾತ್ರ ಕಾಯಿಲೆ ಎಂಬ ನಂಬಿಕೆ ಪುಸ್ತಕದಲ್ಲಿ ಅಲ್ಲಿಗೆ ಮುಗಿಯಿತು. ಜನರ ಮನಸ್ಸಿನಲ್ಲಿ ಇನ್ನೂ ಮುಗಿದಿಲ್ಲ.

ಹಸಿವು ಮನಸ್ಸನ್ನು ಏನು ಮಾಡುತ್ತದೆ?

ನಮ್ಮ ಮಗನ ಸಿಟ್ಟು, ಮಂಕು, ಅಡುಗೆ ವಿಡಿಯೋದ ಗೀಳು ಇವೆಲ್ಲ ಏಕೆ ಎಂದು ಕೇಳಿದಾಗ ವೈದ್ಯೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಲ್ಲಿ, ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಸೇರಿಸಿಕೊಂಡ. ಯುದ್ಧದಿಂದ ಹಸಿದ ಯುರೋಪಿನ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಎಂದು ತಿಳಿಯುವುದು ಉದ್ದೇಶ. ಅವರೆಲ್ಲ ಆತ್ಮಸಾಕ್ಷಿಗೆ ಓಗೊಟ್ಟು ಯುದ್ಧಕ್ಕೆ ಹೋಗಲು ಒಪ್ಪದವರು, ಸ್ವಂತ ಇಚ್ಛೆಯಿಂದ ಬಂದವರು. ಅವರಿಗೆ 24 ವಾರ ಅರೆಹೊಟ್ಟೆ ಊಟ ಕೊಡಲಾಯಿತು.

ಮನಸ್ಸು ಗಟ್ಟಿಯಿದ್ದ ಆ ಯುವಕರು ಸದಾ ಊಟದ್ದೇ ಮಾತಾಡತೊಡಗಿದರು. ಅಡುಗೆ ಪುಸ್ತಕಗಳನ್ನು ಸಂಗ್ರಹಿಸಿದರು. ತಟ್ಟೆಯ ಸುತ್ತ ಕೈ ಅಡ್ಡವಿಟ್ಟು, ತುತ್ತನ್ನು ಗಂಟೆಗಟ್ಟಲೆ ಎಳೆದರು. ಸದಾ ಚಳಿ, ಸಿಡುಕು, ದುಗುಡ. ಗೆಳೆಯರು, ಓದು, ಆಟ ಯಾವುದೂ ಬೇಡವಾಯಿತು. ಊಟ ಮತ್ತೆ ಸಿಕ್ಕ ಮೇಲೂ ಎಷ್ಟೋ ವಾರ ಕೆಲವರಿಗೆ ಹಸಿವಿನ ಹತೋಟಿ ಬರಲಿಲ್ಲ.

ಮಗ ಇದನ್ನು ಕೇಳಿ ಮೊದಲ ಸಲ ತಲೆ ಎತ್ತಿದ. ‘ಹಾಗಾದರೆ ನಾನು ಹುಚ್ಚ ಅಲ್ವಾ?’ ಎಂದ. ಹಸಿದ ಮಿದುಳು ಯಾರದ್ದಾದರೂ ಹೀಗೇ ವರ್ತಿಸುತ್ತದೆ, ಅದಕ್ಕೆ ಮೊದಲ ಔಷಧ ಊಟವೇ ಎಂದು ವೈದ್ಯೆ ವಿವರಿಸಿದರು. ಹೊಟ್ಟೆ ತುಂಬದೆ ಬುದ್ಧಿಮಾತು ತಲೆಗೆ ಹೋಗುವುದಿಲ್ಲ. ಬರೀ ಮಾತಿನ ಚಿಕಿತ್ಸೆ ಆರಂಭದಲ್ಲಿ ಅಷ್ಟಾಗಿ ಫಲ ಕೊಡದಿರಲು ಇದೂ ಒಂದು ಕಾರಣ.

ಇಲ್ಲಿ ಒಂದು ಎಚ್ಚರಿಕೆ. ಬಹಳ ದಿನ ಸರಿಯಾಗಿ ಉಣ್ಣದ ದೇಹಕ್ಕೆ ಒಮ್ಮೆಲೇ ಭರ್ತಿ ಊಟ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್‌ನಂಥ ಲವಣಗಳು ದಿಢೀರನೆ ಕುಸಿದು ಹೃದಯಕ್ಕೆ ಅಪಾಯವಾಗಬಹುದು. ಆದ್ದರಿಂದ ತೀರಾ ಸೊರಗಿದವರಿಗೆ ವೈದ್ಯರ ಕಣ್ಗಾವಲಿನಲ್ಲೇ ಊಟ ಹೆಚ್ಚಿಸಬೇಕು. ಮಗನನ್ನೂ ಮೊದಲ ಹನ್ನೊಂದು ದಿನ ಆಸ್ಪತ್ರೆಯಲ್ಲೇ ಇಟ್ಟುಕೊಂಡಿದ್ದರು.

ಮನೆಯವರೇ ಚಿಕಿತ್ಸಕರು

ವಿಲಿಯಂ ಗಲ್ ಕಾಲದಲ್ಲಿ, ರೋಗಿಯನ್ನು ಮನೆಯವರಿಂದ ದೂರ ಇಡಬೇಕು, ಅವರೇ ಅತ್ಯಂತ ಕೆಟ್ಟ ಶುಶ್ರೂಷಕರು ಎಂಬ ಅಭಿಪ್ರಾಯವಿತ್ತು. ಆ ಅಭಿಪ್ರಾಯ ನೂರು ವರ್ಷ ಬಾಳಿತು. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯ ತಂಡವೊಂದು ಅದನ್ನು ತಿರುವಿಹಾಕಿತು. ರಸೆಲ್, ಕ್ರಿಸ್ಟಫರ್ ಡೇರ್, ಐವನ್ ಐಸ್ಲರ್ ಮೊದಲಾದವರು 1987ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಯಿಲೆ ಚಿಕ್ಕ ವಯಸ್ಸಿನಲ್ಲಿ ಆರಂಭವಾಗಿ ಇನ್ನೂ ಮೂರು ವರ್ಷ ತುಂಬದವರಿಗೆ ಕುಟುಂಬವನ್ನು ಜೊತೆಗಿಟ್ಟುಕೊಂಡ ಚಿಕಿತ್ಸೆ ಹೆಚ್ಚು ಒಳ್ಳೆಯದು ಎಂದು ಕಂಡಿತು. 2010ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಶಿಕಾಗೊದ ವೈದ್ಯರು 121 ಹದಿಹರೆಯದವರ ಅಧ್ಯಯನ ಪ್ರಕಟಿಸಿದರು. ಚಿಕಿತ್ಸೆ ಮುಗಿದು ಒಂದು ವರ್ಷ ಕಳೆದಾಗ, ಕುಟುಂಬ ಚಿಕಿತ್ಸೆ ಪಡೆದವರಲ್ಲಿ ಸುಮಾರು ಶೇ 49 ಮಂದಿ ಪೂರ್ತಿ ಚೇತರಿಸಿಕೊಂಡಿದ್ದರು. ಒಬ್ಬೊಬ್ಬರಿಗೇ ಕೊಟ್ಟ ಚಿಕಿತ್ಸೆಯಲ್ಲಿ ಅದು ಶೇ 23. ಹಾಗೆಂದು ಇದು ಎಲ್ಲರಿಗೂ ರಾಮಬಾಣವಲ್ಲ, ಅದನ್ನೂ ಆ ಅಂಕಿಯೇ ಹೇಳುತ್ತದೆ.

ಈ ಚಿಕಿತ್ಸೆಗೆ ಮೂರು ಹಂತ. ಮೊದಲ ಹಂತದಲ್ಲಿ ಏನು, ಎಷ್ಟು, ಯಾವಾಗ ಉಣ್ಣಬೇಕು ಎಂಬ ತೀರ್ಮಾನ ಪೂರ್ತಿ ದೊಡ್ಡವರದು. ಎರಡನೆಯದರಲ್ಲಿ ಸ್ವಲ್ಪ ಸ್ವಲ್ಪವಾಗಿ ಆ ಹೊಣೆ ಮಗುವಿಗೆ ಹಿಂದಿರುಗುತ್ತದೆ. ಮೂರನೆಯದರಲ್ಲಿ ಓದು, ಗೆಳೆಯರು, ಹರೆಯದ ಉಳಿದ ವಿಷಯಗಳ ಕಡೆ ಗಮನ. ಕಾಯಿಲೆಗೆ ಕಾರಣ ಯಾರು ಎಂದು ಹುಡುಕುತ್ತಾ ಕೂರುವುದಿಲ್ಲ. ವಂಶವಾಹಿ, ಸ್ವಭಾವ, ಡಯಟಿಂಗ್, ಸುತ್ತಲಿನ ಒತ್ತಡ ಹೀಗೆ ಹಲವು ಎಳೆ ಸೇರಿ ಬರುವ ಕಾಯಿಲೆಗೆ ಒಬ್ಬ ತಾಯಿಯನ್ನೋ ತಂದೆಯನ್ನೋ ದೂರುವುದನ್ನು ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಆರಂಭದಲ್ಲಿ ಒಂದು ಊಟ ಒಂದೂವರೆ ಗಂಟೆ ಹಿಡಿಯುತ್ತಿತ್ತು. ತಟ್ಟೆ ಗೋಡೆಗೆ ಹಾರಿದ ದಿನಗಳಿವೆ. ‘ನೀವೆಲ್ಲ ಸೇರಿ ನನ್ನನ್ನು ಸಾಯಿಸ್ತೀರಿ’ ಎಂದು ಕೂಗಿದ ದಿನಗಳಿವೆ. ಆಗ ನಮಗೆ ಕಲಿಸಿಕೊಟ್ಟಿದ್ದ ಮಾತು ಒಂದೇ: ‘ಇದು ನೀನು ಆಡ್ತಿರೋ ಮಾತಲ್ಲ, ಕಾಯಿಲೆ ಆಡಿಸ್ತಿರೋದು. ನಾವು ನಿನ್ನ ಕಡೆಗಿದ್ದೀವಿ.’ ಬೈಯುವುದಿಲ್ಲ, ಬೇಡಿಕೊಳ್ಳುವುದಿಲ್ಲ, ಚೌಕಾಸಿ ಇಲ್ಲ, ಎದ್ದು ಹೋಗುವುದೂ ಇಲ್ಲ. ನನ್ನ ಗಂಡ ಮಧ್ಯಾಹ್ನದ ಊಟಕ್ಕೆ ಕೆಲಸದಿಂದ ಮನೆಗೆ ಬಂದು ಅವನ ಎದುರು ಕೂರುತ್ತಿದ್ದರು. ಶಾಲೆಯಲ್ಲಿ ದೈಹಿಕ ಶಿಕ್ಷಕರು ವೈದ್ಯರ ಚೀಟಿ ನೋಡಿ, ತಂಡದಿಂದ ತೆಗೆಯದೆ ಸ್ಕೋರ್ ಬರೆಯುವ ಕೆಲಸ ಕೊಟ್ಟರು.

ಅತ್ತೆಗೆ ಎಪ್ಪತ್ತೆರಡು ವರ್ಷ. ಏಕಾದಶಿಗೆ ನೀರು ಮಾತ್ರ ಕುಡಿಯುವವರು. ಮನೆಯಲ್ಲಿ ಉಪವಾಸ ಮಾಡುವವರು ಇದ್ದಾರಾ ಎಂದು ಚಿಕಿತ್ಸಕಿ ಕೇಳಿದಾಗ ಅವರಿಗೆ ಕಸಿವಿಸಿಯಾಯಿತು. ಆದರೆ ಆಕೆ ವ್ರತವನ್ನು ಹೀಯಾಳಿಸಲಿಲ್ಲ. ‘ನಿಮ್ಮದು ದೇವರಿಗಾಗಿ, ಮಾರನೇ ದಿನ ಪಾರಣೆ ಇದೆ. ಇವನ ಉಪವಾಸಕ್ಕೆ ಪಾರಣೆಯೇ ಇಲ್ಲ, ಅದೇ ವ್ಯತ್ಯಾಸ’ ಎಂದರು. ಅತ್ತೆಗೆ ಅದು ನಾಟಿತು. ‘ಮೊಮ್ಮಗ ಉಣ್ಣೋವರೆಗೂ ನನ್ನ ಏಕಾದಶಿ ದೇವರಿಗೆ ಸಾಲ’ ಎಂದು ತಾವೂ ಅವನ ಜೊತೆ ಉಣ್ಣತೊಡಗಿದರು. ಊಟವಾದ ಕೂಡಲೇ ಅವನ ಮನಸ್ಸು ಕಳವಳಗೊಳ್ಳುವ ಅರ್ಧ ಗಂಟೆಗೆ ಚೌಕಾಬಾರದ ಮಣೆ ಹಾಕುತ್ತಿದ್ದರು. ಕವಡೆ ಉರುಳುವ ಸದ್ದಿನಲ್ಲಿ ಆ ಅರ್ಧ ಗಂಟೆ ದಾಟುತ್ತಿತ್ತು.

ಎಂಟು ವರ್ಷದ ಮಗಳಿಗೂ ಒಂದು ಪಾಲು ಇತ್ತು. ಅಣ್ಣ ಉಂಡನೋ ಇಲ್ಲವೋ ಎಂದು ಕಾಯುವ ಪೊಲೀಸ್ ಕೆಲಸ ಅವಳದಲ್ಲ, ಅವನ ಜೊತೆ ನಗುವುದಷ್ಟೇ ಅವಳ ಕೆಲಸ ಎಂದು ಚಿಕಿತ್ಸಕಿ ಸ್ಪಷ್ಟವಾಗಿ ಹೇಳಿದ್ದರು. ಅವಳು ಅದನ್ನು ಶ್ರದ್ಧೆಯಿಂದ ಮಾಡಿದಳು.

ಕಾಯುವ ಕೋಣೆಯಲ್ಲಿ ಕಂಡವರು

ಹದಿನೈದು ದಿನಕ್ಕೊಮ್ಮೆ ಬೆಂಗಳೂರಿಗೆ ಹೋಗುತ್ತಿದ್ದಾಗ ಬೇರೆಯವರ ಪರಿಚಯವಾಯಿತು. ದಪ್ಪ ಮೈಕಟ್ಟಿನ ಒಬ್ಬ ಪಿಯುಸಿ ಹುಡುಗಿ ಎರಡು ದಿನಕ್ಕೊಮ್ಮೆ ಉಣ್ಣುತ್ತಿದ್ದಳು. ಹೋದಲ್ಲೆಲ್ಲ ಅವಳಿಗೆ ‘ಒಳ್ಳೇದೇ, ಇನ್ನೂ ಸ್ವಲ್ಪ ಇಳಿಸು’ ಎಂದಿದ್ದರಂತೆ. ನಲವತ್ತು ದಾಟಿದ ಒಬ್ಬ ಗೃಹಿಣಿ ಹೆರಿಗೆಯ ನಂತರ ಶುರುವಾದದ್ದನ್ನು ಹದಿನೈದು ವರ್ಷ ಗಂಡನಿಂದಲೂ ಮುಚ್ಚಿಟ್ಟಿದ್ದರು. ಹೆಣ್ಣಾಗಿ ಹುಟ್ಟಿ ತಾನು ಗಂಡು ಎಂದು ಅರಿತಿದ್ದ ಒಬ್ಬ ಕಾಲೇಜು ವಿದ್ಯಾರ್ಥಿ, ಮೈಯಲ್ಲಿ ಆಗುತ್ತಿದ್ದ ಬದಲಾವಣೆ ತಡೆಯಲು ಊಟ ಬಿಟ್ಟಿದ್ದ. ಅವನ ಮನೆಯಲ್ಲಿ ಅವನಿಗೆ ಊಟ ಬಡಿಸುವವರಿರಲಿ, ಮಾತಾಡಿಸುವವರೂ ಇರಲಿಲ್ಲ. ಅಂಥವನಿಗೆ ಮನೆಯವರ ಮೂಲಕ ಚಿಕಿತ್ಸೆ ಹೇಗಾದೀತು? ಅವನಿಗೆ ಒಬ್ಬನಿಗೇ ಕೊಡುವ ಚಿಕಿತ್ಸೆ ನಡೆಯುತ್ತಿತ್ತು. ಆಕ್ಸ್‌ಫರ್ಡಿನ ಕ್ರಿಸ್ಟಫರ್ ಫೇರ್‌ಬರ್ನ್ ರೂಪಿಸಿದ ಆ ಕ್ರಮದಲ್ಲಿ, ತೂಕ ತೀರಾ ಇಳಿಯದವರಿಗೆ ಸುಮಾರು ಇಪ್ಪತ್ತು ಭೇಟಿ, ಇಳಿದವರಿಗೆ ನಲವತ್ತರಷ್ಟು ಭೇಟಿ ಇರುತ್ತದೆ. ದಿನದ ಊಟದ ಹೊತ್ತುಗಳನ್ನು ಮತ್ತೆ ಕಟ್ಟುವುದು, ಮೈ ಬಗೆಗಿನ ಯೋಚನೆಗಳನ್ನು ಒಂದೊಂದಾಗಿ ಬಿಡಿಸುವುದು ಅದರ ದಾರಿ.

ರಂಜಾನ್ ಹತ್ತಿರವಾಗುತ್ತಿದ್ದಾಗ ಒಬ್ಬ ತಾಯಿ ತಮ್ಮ ಮಗಳು ರೋಜಾ ಹಿಡಿಯಬಹುದೇ ಎಂದು ಕೇಳಿದರು. ಕಾಯಿಲೆಯವರಿಗೆ ಧರ್ಮದಲ್ಲೇ ವಿನಾಯಿತಿ ಇದೆಯಲ್ಲ, ಈ ವರ್ಷ ಮಗಳು ದಾನ ಮಾಡಲಿ, ಇಫ್ತಾರಿಗೆ ಎಲ್ಲರ ಜೊತೆ ಕೂರಲಿ ಎಂದು ಚಿಕಿತ್ಸಕಿ ಸೂಚಿಸಿದರು. ನಂಬಿಕೆಯನ್ನು ಬಿಡಿಸದೆ, ನಂಬಿಕೆಯ ಹೆಸರಲ್ಲಿ ಕಾಯಿಲೆ ಅಡಗಿ ಕೂರದಂತೆ ನೋಡಿಕೊಳ್ಳುವುದು ಜಾಣ್ಮೆಯ ಕೆಲಸ.

ಸಂಸ್ಕೃತಿ ಬದಲಾದಂತೆ ಕಾಯಿಲೆಯ ಮುಖವೂ ಬದಲಾಗುತ್ತದೆ. 1990ರ ದಶಕದಲ್ಲಿ ಹಾಂಗ್‌ಕಾಂಗ್‌ನ ಮನೋವೈದ್ಯ ಸಿಂಗ್ ಲೀ, ತಮ್ಮ ರೋಗಿಗಳಲ್ಲಿ ಅನೇಕರು ‘ದಪ್ಪ ಆಗ್ತೀನಿ’ ಎನ್ನದೆ ‘ಹೊಟ್ಟೆ ಉಬ್ಬರಿಸುತ್ತೆ, ಹಸಿವಿಲ್ಲ’ ಎನ್ನುವುದನ್ನು ಗಮನಿಸಿದರು. ನಮ್ಮಲ್ಲೂ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದ ಹಿಂದೆ ಇದು ಅವಿತಿರಬಹುದು. ಪಶ್ಚಿಮದ ಪುಸ್ತಕದ ಪ್ರಶ್ನೆಯನ್ನೇ ಕೇಳುತ್ತಾ ಹೋದರೆ ಇಂಥವರು ತಪ್ಪಿಹೋಗುತ್ತಾರೆ. ಇನ್ನೊಂದು ಕಡೆ, ಫಿಜಿ ದ್ವೀಪದ ನಡ್ರೋಗ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ದುಂಡು ಮೈಯನ್ನೇ ಮೆಚ್ಚುತ್ತಿದ್ದ ಆ ನಾಡಿನಲ್ಲಿ, ಮೂರೇ ವರ್ಷದಲ್ಲಿ ಶಾಲಾ ಹುಡುಗಿಯರು ಟಿವಿಯ ನಟಿಯರಂತೆ ಸಣ್ಣಗಾಗಬೇಕು ಎನ್ನತೊಡಗಿದ್ದನ್ನು ಆನ್ ಬೆಕರ್ ಎಂಬ ಸಂಶೋಧಕಿ ದಾಖಲಿಸಿದ್ದಾರೆ.

ಕಾನೂನು ನಮ್ಮ ಪರವಾಗಿದೆ ಎಂಬುದನ್ನೂ ತಿಳಿದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಲಿಂಗ, ಲೈಂಗಿಕತೆ, ಧರ್ಮ, ಜಾತಿ, ವರ್ಗ, ಅಂಗವೈಕಲ್ಯ ಯಾವುದರ ಆಧಾರದಲ್ಲೂ ಭೇದ ಮಾಡದೆ ಸರ್ಕಾರಿ ಮಾನಸಿಕ ಆರೋಗ್ಯ ಸೇವೆ ಪಡೆಯುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ದೈಹಿಕ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮಾ ಸೌಲಭ್ಯ ಇರಬೇಕು ಎನ್ನುತ್ತದೆ. ಒಬ್ಬರ ಲೈಂಗಿಕತೆಯನ್ನು ‘ಸರಿಪಡಿಸುತ್ತೇವೆ’ ಎನ್ನುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ.

ಎಲ್ಲಿ ಹುಡುಕಬೇಕು, ಏನು ಕೇಳಬೇಕು?

ಮೊದಲ ಹೆಜ್ಜೆಗೆ ಬೆಂಗಳೂರಿಗೇ ಓಡಬೇಕಿಲ್ಲ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಮನೋವೈದ್ಯರು ಸಿಗುತ್ತಾರೆ. ಇಡೀ ದೇಶದ ಆ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗ. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್, ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇವೆ.

ಈ ಕಾಯಿಲೆ ಒಬ್ಬರಿಂದ ಗುಣವಾಗುವಂಥದ್ದಲ್ಲ. ದೇಹ ನೋಡಲು ಮಕ್ಕಳ ತಜ್ಞರು ಅಥವಾ ಫಿಸಿಷಿಯನ್, ಮನಸ್ಸಿಗೆ ಮನೋವೈದ್ಯರು ಮತ್ತು ಕ್ಲಿನಿಕಲ್ ಸೈಕಾಲಜಿಸ್ಟ್, ಊಟಕ್ಕೆ ಪಥ್ಯತಜ್ಞರು ಒಟ್ಟಿಗೆ ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇರುತ್ತದೆ. ಸಂಖ್ಯೆ ಕೇಳಿದರೆ ತಪ್ಪು ತಿಳಿಯುವವರಲ್ಲಿಗೆ ಮತ್ತೆ ಹೋಗಬೇಡಿ.

ಮೊದಲ ಭೇಟಿಯಲ್ಲಿ ನಾನೀಗ ಬೇರೆ ತಾಯಂದಿರಿಗೆ ಕೇಳಲು ಹೇಳುವ ಪ್ರಶ್ನೆಗಳು ಇವು. ಈಟಿಂಗ್ ಡಿಸಾರ್ಡರ್ ಇರುವವರಿಗೆ ಈ ಮೊದಲು ಚಿಕಿತ್ಸೆ ಕೊಟ್ಟಿದ್ದೀರಾ? ಗಂಡುಮಕ್ಕಳಿಗೆ, ದಪ್ಪ ಮೈಯವರಿಗೆ ಕೊಟ್ಟಿದ್ದೀರಾ? ನಾಡಿ, ಇಸಿಜಿ, ರಕ್ತ ಪರೀಕ್ಷೆ ಯಾರು ನೋಡುತ್ತಾರೆ? ಮನೆಯವರ ಪಾತ್ರ ಏನು? ನಮ್ಮ ಅಡುಗೆಗೆ ಹೊಂದುವಂತೆ ಊಟದ ಕ್ರಮ ಹೇಳುತ್ತೀರಾ? ಮಗು ಕನ್ನಡದಲ್ಲೇ ಮನಸ್ಸು ಬಿಚ್ಚಬಹುದೇ? ದೂರದವರಿಗೆ ನಡುವೆ ಫೋನಿನಲ್ಲಿ ಸಿಗುತ್ತೀರಾ? ಒಟ್ಟು ಖರ್ಚು, ಅವಧಿ ಅಂದಾಜು ಎಷ್ಟು?

ಕೆಲವು ಸೂಚನೆ ಕಂಡರೆ ಬೇರೆ ದಾರಿ ನೋಡುವುದು ಲೇಸು. ಎಲ್ಲರೆದುರು ತೂಕ ಕೂಗುವುದು, ಮಗುವನ್ನು ನಾಚಿಸುವುದು, ವಾರದಲ್ಲಿ ವಾಸಿ ಎಂಬ ಭರವಸೆ, ಪುಡಿ ಮತ್ತು ಪಾನೀಯದ ಮಾರಾಟ, ಲಿಂಗ ಅಥವಾ ಜಾತಿಯ ಬಗ್ಗೆ ಚುಚ್ಚುಮಾತು, ಕಾಯಿಲೆಗೆ ತಾಯಿಯೇ ಕಾರಣ ಎಂಬ ತೀರ್ಪು ಇವೆಲ್ಲ ಅಂಥವು.

ಇನ್ನು ಕಾಯಲೇಬಾರದ ಹೊತ್ತುಗಳಿವೆ. ತಲೆ ತಿರುಗಿ ಬೀಳುವುದು, ಎದೆ ನೋವು ಅಥವಾ ಎದೆ ಬಡಿತದ ಏರುಪೇರು, ನೀರನ್ನೂ ನಿರಾಕರಿಸುವುದು, ನಿಲ್ಲದ ವಾಂತಿ, ಬದುಕು ಬೇಡ ಎಂಬ ಮಾತು. ಇವುಗಳಲ್ಲಿ ಒಂದು ಕಂಡರೂ ಅಪಾಯಿಂಟ್‌ಮೆಂಟ್ ನೋಡದೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಜೀವ ತೆಗೆಯುವವುಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. ಅಮೆರಿಕದ ಪ್ರಸಿದ್ಧ ಗಾಯಕಿ ಕ್ಯಾರೆನ್ ಕಾರ್ಪೆಂಟರ್ 1983ರಲ್ಲಿ ಇದರಿಂದಾದ ಹೃದಯದ ತೊಂದರೆಯಿಂದ ತೀರಿಕೊಂಡಾಗ ಆಕೆಗೆ ಬರೀ 32 ವರ್ಷ.

ನಮ್ಮ ಮಗ ಈಗ ಎರಡನೇ ಪಿಯುಸಿ. ಚಿಕಿತ್ಸೆ ಸುಮಾರು ಒಂದೂವರೆ ವರ್ಷ ನಡೆಯಿತು. ಮಧ್ಯೆ ಒಮ್ಮೆ, ಪರೀಕ್ಷೆಯ ಹೊತ್ತಿಗೆ, ಕಾಯಿಲೆ ಮತ್ತೆ ತಲೆ ಹಾಕಿತು. ಬೇಗ ಗುರುತಿಸಿದ್ದರಿಂದ ಮೂರು ತಿಂಗಳಲ್ಲಿ ಹಿಂದೆ ಸರಿಯಿತು. ಕಳೆದ ಗೌರಿ ಹಬ್ಬದಲ್ಲಿ ಎರಡು ಒಬ್ಬಟ್ಟು ತಿಂದ, ಯಾರೂ ಅದನ್ನು ಎಣಿಸದಂತೆ ನಟಿಸಿದೆವು. ‘ಪೂರ್ತಿ ಹೋಗಿದೆಯಾ?’ ಎಂದು ಯಾರಾದರೂ ಕೇಳಿದರೆ, ‘ಈಗ ದಿನಕ್ಕೆ ಹತ್ತು ನಿಮಿಷ ಮಾತ್ರ ಬರುತ್ತೆ’ ಎನ್ನುತ್ತಾನೆ. ಇಡೀ ದಿನದಿಂದ ಹತ್ತು ನಿಮಿಷಕ್ಕೆ ಬಂದಿದ್ದಾನೆ.

ಈ ಪತ್ರಿಕೆ ಓದುವ ಮಕ್ಕಳಿಗೆ ಅವನು ಕಳಿಸಿರುವ ಮಾತು ಇದು, ಅವನದೇ ಶಬ್ದಗಳಲ್ಲಿ: ‘ಗೆಳೆಯ ಸಣ್ಣ ಆದ, ದಪ್ಪ ಆದ ಅಂತ ಹೇಳಬೇಡಿ. ಹೊಗಳೋದಕ್ಕೂ ಹೇಳಬೇಡಿ. ಟಿಫನ್ ಬಾಕ್ಸ್ ಮುಚ್ಚಿಟ್ಟುಕೊಂಡು ಕೂತವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಿಮ್ಮ ತಲೆಯಲ್ಲೇ ಇಡೀ ದಿನ ಊಟದ ಲೆಕ್ಕ ಓಡ್ತಾ ಇದ್ದರೆ ಅಮ್ಮನಿಗೋ ಅಪ್ಪನಿಗೋ ಟೀಚರ್‌ಗೋ ಹೇಳಿ. ಮೊದಲನೆಯವರಿಗೆ ಅರ್ಥ ಆಗದಿದ್ದರೆ ಎರಡನೆಯವರಿಗೆ ಹೇಳಿ. ನನಗೆ ಅರ್ಥ ಮಾಡಿಕೊಳ್ಳೋ ಡಾಕ್ಟರ್ ಸಿಕ್ಕಿದ್ದು ನಾಲ್ಕನೆಯವರು.’